ಯಾರೂ ಸತ್ತಿಲ್ಲ

ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯ ಹಿಂದಿನ ಅಂಗಳದಲ್ಲಿ, ಒದ್ದೆ ಚಾದರ ತುಂಬಿದ ತಳ್ಳುಗಾಡಿಗಳ ನಡುವೆ ಕೂತು, ಸಂಘದವರು ಎರಡು ಸಾಲು ಬರೆಯುವುದಕ್ಕೆ ಊಟದ ವಿರಾಮವನ್ನೆಲ್ಲ ನುಂಗಿ ನೀರು ಕುಡಿದಿದ್ದರು. ವಿಷಯವೇನೋ ದೊಡ್ಡದೇ. ಹೊಸ ಯಂತ್ರ ಬರುತ್ತದೆ, ತಿಂಗಳ ಕೊನೆಗೆ ಇಸ್ತ್ರಿ ವಿಭಾಗ ಮುಚ್ಚುತ್ತೇವೆ, ಮೂವತ್ತು ಹೆಂಗಸರು ಮನೆಗೆ ಹೋಗಬಹುದು ಎಂದು ಆಡಳಿತದವರು ಹೇಳಿಬಿಟ್ಟಿದ್ದರು. ಮರುದಿನ ಬೆಳಿಗ್ಗೆ ಎಲ್ಲ ಪಾಳಿಯವರೂ ಗೇಟಿನ ಮುಂದೆ ಸೇರಬೇಕು. ಅದಕ್ಕಾಗಿ ಬೀದಿಬೀದಿಯಲ್ಲಿ ಮೈಕು ಹಿಡಿದು ಏನೆಂದು ಕೂಗುವುದು? ಇಷ್ಟಕ್ಕೆ ಇಷ್ಟು ಹೊತ್ತು ಬೇಕೇ ಎಂದು ಯಾರಾದರೂ ಕೇಳಬಹುದು. ಸಂಘದ ಸಭೆಗೆ ಒಮ್ಮೆಯೂ ಹೋಗದವರು ಹಾಗೆ ಕೇಳುತ್ತಾರೆ.

ಕಾರ್ಯದರ್ಶಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಮೈಕಣ್ಣ ಎಂದು. ಒಳ್ಳೆಯ ಮನುಷ್ಯ, ಯಾರಿಗೆ ಕಷ್ಟ ಬಂದರೂ ಮೊದಲು ಓಡುವವನು. ಆದರೆ ಯಾವುದನ್ನಾದರೂ ಇದ್ದಷ್ಟೇ ಹೇಳುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ. ಕ್ಯಾಂಟೀನಿನ ಚಹಾ ತಣ್ಣಗಿದ್ದರೆ ಅದು ಚಿತ್ರಹಿಂಸೆ. ಅರ್ಧ ಗಂಟೆ ಹೆಚ್ಚು ಕೆಲಸ ಹೇಳಿದರೆ ಜೀತ. ಈಗ ಎದ್ದು ನಿಂತು, ಬರೆದದ್ದನ್ನು ಕೈ ಬೀಸುತ್ತ ಓದಿದ: "ನಮ್ಮ ಜನರ ನರಮೇಧ ಶುರುವಾಗಿದೆ! ಇವತ್ತು ನಾವು, ನಾಳೆ ನಿಮ್ಮ ಮನೆ ಬಾಗಿಲಿಗೂ ಬರ್ತಾರೆ! ಎಚ್ಚರ! ಎಚ್ಚರ!"

"ಆ ಮಾತು ತೆಗಿ, ಮೈಕಣ್ಣ," ಎಂದಳು ಇಸ್ತ್ರಿಯಕ್ಕ. ಇಸ್ತ್ರಿ ವಿಭಾಗದಲ್ಲಿ ಎಲ್ಲರಿಗಿಂತ ಹಳಬಳು ಅವಳು. ಅವಳು ಗೇಟಿಗೆ ಬಂದರೆ ಉಳಿದ ಹೆಂಗಸರೂ ಬರುತ್ತಾರೆ.

"ಯಾವ ಮಾತು?"

"ಯಾವುದು ಅಂತ ನಿನಗೂ ಗೊತ್ತು. ನನ್ನ ಕೆಲಸ ತಾನೇ ಹೋಗ್ತಿರೋದು? ಕೆಲಸ ಹೋಗುತ್ತೆ ಅಂತ ಹೇಳು. ಸಾಲದಾ?"

"ಸಾಲದು ಅಕ್ಕ. ಹಾಗಂದ್ರೆ ಜನ ಅಯ್ಯೋ ಪಾಪ ಅಂದು ಮಗ್ಗುಲು ಬದಲಾಯಿಸಿ ಮಲಗ್ತಾರೆ."

"ನಮ್ಮಮ್ಮನ ಮನೇಲಿ ಹನ್ನೊಂದು ಜನ ಇದ್ರು. ಒಂದೇ ದಿನದಲ್ಲಿ ಕೊಂದು ಹಾಕಿದ್ರು. ಉಳಿದಿದ್ದು ಅಮ್ಮ ಒಬ್ಬಳೇ. ಅದಕ್ಕಿರೋ ಹೆಸರನ್ನ ತಂದು ಇಸ್ತ್ರಿ ಮೇಜಿಗೆ ಅಂಟಿಸ್ತೀಯಾ?"

ಮೈಕಣ್ಣನ ಮುಖ ಕೆಂಪಾಯಿತು. "ನಿಮ್ಮಮ್ಮನ ನೋವಿಗೆ ಕೈ ಮುಗೀತೀನಿ. ಆದ್ರೆ ಮಾತು ಯಾರಪ್ಪನ ಮನೆ ಆಸ್ತಿ ಹೇಳು? ನೋವನ್ನ ನಿಮ್ಮೋರಿಗೆ ಮಾತ್ರ ಗುತ್ತಿಗೆ ಕೊಟ್ಟಿದ್ದಾರಾ? ನಾನೂ ಹಸಿದು ಬೆಳೆದವನೇ. ಒಂದು ಮನೆ ಅನ್ನ ಕಿತ್ಕೊಳ್ಳೋದು ಕೊಲ್ಲೋದಕ್ಕಿಂತ ಕಮ್ಮಿನಾ?"

"ಕಮ್ಮಿ. ತುಂಬಾ ಕಮ್ಮಿ. ಅಮ್ಮನಿಗೆ ಎರಡೂ ಆಗಿದೆ, ಬೇಕಾದ್ರೆ ಹೋಗಿ ಕೇಳು."

ಬಾಯ್ಲರ್ ನೋಡಿಕೊಳ್ಳುವ ಮಾವ ತಲೆ ಕೆರೆದುಕೊಂಡ. "ಅವಳು ಹೇಳೋದೂ ಸರಿ, ಇವನು ಹೇಳೋದೂ ಸರಿ. ಗಂಟೆ ಹೊಡೀತು, ಕೈ ಎತ್ರಪ್ಪ." ಹೆಚ್ಚಿನವರು ಕೈ ಎತ್ತಿದರು. ಮೈಕಣ್ಣನ ಮಾತು ಹಿಡಿಸಿತೆಂದಲ್ಲ, ಸಭೆ ಮುಗಿದರೆ ಸಾಕೆಂದು. ಇಸ್ತ್ರಿಯಕ್ಕ ಹಾಗಾದ್ರೆ ನಾಳೆ ಗೇಟಿಗೆ ನಾನಿಲ್ಲ ಎಂದು ಹೇಳಿ ಒಳಗೆ ಹೋದಳು.

ಮಧ್ಯಾಹ್ನವೆಲ್ಲ ಮೈಕಣ್ಣ ಬಟ್ಟೆ ಸಾಗಿಸುವ ವ್ಯಾನಿನಲ್ಲಿ ಕೂತು ಬೀದಿಬೀದಿಯಲ್ಲಿ ಗಂಟಲು ಹರಿದುಕೊಂಡ. ಕಿಟಕಿಗಳು ತೆರೆದವು, ಜನ ಇಣುಕಿದರು. ನೋಡಿದ್ರಾ, ಹೀಗೆ ಹೇಳಿದ್ರೇನೇ ತಿರುಗಿ ನೋಡೋದು ಎಂದು ಅವನು ಚಾಲಕನಿಗೆ ಹೇಳಿದ. ಖುಷಿಯಿಂದ ಕಾರ್ಖಾನೆಗೆ ಮರಳುವಾಗ ಬಾಯ್ಲರ್ ಮಾವ ಏದುಸಿರು ಬಿಡುತ್ತ ಎದುರಿಗೆ ಓಡಿ ಬಂದ.

"ಇಸ್ತ್ರಿಯಕ್ಕನ ಮನೆಗೆ ನಡಿ. ಅವರಮ್ಮ ನಿನ್ನ ಕೂಗು ಕೇಳಿ ಬಾಗಿಲು ಹಾಕ್ಕೊಂಡು ಕೂತಿದಾಳೆ. ಪಕ್ಕದ ಮನೆ ಮಕ್ಕಳೂ ಒಳಗಿದಾವೆ."

ಆ ಮಕ್ಕಳು ಶಾಲೆ ಬಿಟ್ಟ ಮೇಲೆ ದಿನವೂ ಅಜ್ಜಿಯ ಹತ್ತಿರ ಇರುತ್ತಿದ್ದವು. ಅಪ್ಪ ಅಮ್ಮ ಕೆಲಸ ಮುಗಿಸಿ ಬಂದು ಕರೆದುಕೊಂಡು ಹೋಗುತ್ತಿದ್ದರು. ಇವತ್ತು ಬಂದು ನೋಡಿದರೆ ಕಿಟಕಿಗೆಲ್ಲ ಕಂಬಳಿ ಇಳಿಬಿದ್ದಿದೆ, ಒಳಗಿಂದ ಚಿಲಕ. ಅಪ್ಪ ಬಾಗಿಲು ಬಡಿದ. ಉತ್ತರವಿಲ್ಲ. ಜೋರಾಗಿ ಬಡಿದ, ಒದ್ದ. ಒಳಗೆ ಭಾರವಾದದ್ದೇನನ್ನೋ ಬಾಗಿಲಿಗೆ ಅಡ್ಡ ಎಳೆದ ಸದ್ದು ಬಂತು. ಮೈಕಣ್ಣ ವ್ಯಾನಿನಿಂದ ಇಳಿದಾಗ ಬೀದಿ ತುಂಬ ಜನ ಸೇರಿದ್ದರು. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಉಪದೇಶ. ಮಕ್ಕಳ ಅಪ್ಪ ಕಬ್ಬಿಣದ ಸಲಾಕೆ ತಂದಿದ್ದ. ಇಸ್ತ್ರಿಯಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಒಡೀಬೇಡ. ದಮ್ಮಯ್ಯ, ಒಡೀಬೇಡ. ನೀನು ಒಡೆದು ಒಳಗೆ ನುಗ್ಗಿದ್ರೆ ಅಮ್ಮ ಇದ್ದಲ್ಲೇ ಎದೆ ಒಡೆದು ಸಾಯ್ತಾಳೆ."

"ನನ್ನ ಮಕ್ಕಳು ಒಳಗಿದಾರಮ್ಮ! ಬಂದಾಗಿನಿಂದ ಒಂದು ಪಿಟ್ಟು ಅಂದಿಲ್ಲ. ನಿಮ್ಮಮ್ಮನಿಗೆ ತಲೆ ಕೆಟ್ಟಿದೆ."

"ಕೆಟ್ಟಿಲ್ಲ. ಮಕ್ಕಳು ಸದ್ದು ಮಾಡದ ಹಾಗೆ ನೋಡ್ಕೊಳ್ಳೋದು ಹೇಗೆ ಅಂತ ಅವಳಿಗೆ ಗೊತ್ತು, ಅಷ್ಟೇ."

ಮೈಕಣ್ಣ ಬಾಗಿಲಿನ ಹತ್ತಿರ ಬಗ್ಗಿದ. "ಅಜ್ಜಿ, ತೆಗೀರಿ. ಏನೂ ಆಗಿಲ್ಲ."

ಒಳಗಿಂದ ಮೆಲ್ಲನೆಯ, ಆದರೆ ಸ್ಪಷ್ಟವಾದ ದನಿ ಬಂತು. "ಹಾಗಂತಾನೇ ಹೇಳಿ ನಮ್ಮಪ್ಪನ ಕೈಲಿ ತೆಗೆಸಿದ್ರು."

"ನಾನು ಸಂಘದವನು, ಅಜ್ಜಿ."

"ಅವರೂ ಯಾವುದೋ ಸಂಘದವರೇ."

ಗುಂಪಿನಲ್ಲಿ ಯಾರೋ ನಕ್ಕರು, ಉಳಿದವರು ಶ್‌ ಎಂದರು. ಮಗಳು ಕರೆದರೂ ಅಜ್ಜಿ ತೆಗೆಯಲಿಲ್ಲ. ನಿನ್ನ ಕತ್ತಿನ ಮೇಲೆ ಏನಿಟ್ಟು ಕರೆಸ್ತಿದಾರೆ ಮಗಳೇ ಎಂದು ಒಳಗಿಂದಲೇ ಅತ್ತಳು. ಅದನ್ನು ಕೇಳಿ ಇಸ್ತ್ರಿಯಕ್ಕ ಮೈಕಣ್ಣನ ಕಡೆ ತಿರುಗಿದಳು. ಅವಳ ಕಣ್ಣು ಕೆಂಡವಾಗಿತ್ತು.

"ಅವಳು ನಂಬಿದ್ದು ಮೈಕಿನ ದನೀನ. ಮೈಕಲ್ಲೇ ಹೇಳು. ಹೇಳಿದ್ದು ಸುಳ್ಳು ಅಂತ ಹೇಳು."

"ಇಡೀ ಬೀದಿ ನಿಂತಿದೆ ಅಕ್ಕ! ಮ್ಯಾನೇಜರ್ ಕಿವಿಗೆ ಬಿದ್ರೆ ಮುಗೀತು. ಸಂಘದವರೇ ಸುಳ್ಳು ಅಂತ ಒಪ್ಕೊಂಡಿದಾರೆ ಅಂತ ನಾಳೆ ಡಂಗೂರ ಹೊಡೀತಾನೆ."

"ಸುಳ್ಳೇ ಅಲ್ವಾ?"

ಮಕ್ಕಳ ಅಪ್ಪ ಸಲಾಕೆಯನ್ನು ಬಾಗಿಲಿನ ಸಂದಿಗೆ ಸಿಕ್ಕಿಸಿದ. ಮೈಕಣ್ಣ ವ್ಯಾನಿಗೆ ಓಡಿ ಮೈಕು ಹಿಡಿದ. ಗಂಟಲು ಸರಿಮಾಡಿಕೊಂಡ. "ಮಧ್ಯಾಹ್ನದ ನಮ್ಮ ಪ್ರಕಟಣೆಯನ್ನು ಯಾರಾದರೂ ತಪ್ಪಾಗಿ ಅರ್ಥ ಮಾಡಿಕೊಂಡಿದ್ದಲ್ಲಿ..."

"ಥೂ ನಿನ್ನ! ನೆಟ್ಟಗೆ ಹೇಳೋ!" ಎಂದು ಇಸ್ತ್ರಿಯಕ್ಕ ಕಿರುಚಿದಳು.

ಎಂಥೆಂಥ ಸಭೆಗಳಲ್ಲಿ ಮಾತಾಡಿದವನಿಗೆ ನಾಲಿಗೆ ಹೊರಳಲಿಲ್ಲ. ಕೊನೆಗೆ ಬಂದ ದನಿ ಅವನದೇ ಎಂದು ಜನರಿಗೆ ಗುರುತೇ ಸಿಗಲಿಲ್ಲ.

"ಅಜ್ಜಿ, ಮಧ್ಯಾಹ್ನ ಕೂಗಿದ್ದು ನಾನೇ. ನರಮೇಧ ಅಂದಿದ್ದು ಸುಳ್ಳು. ಮನೆ ಬಾಗಿಲಿಗೆ ಬರ್ತಾರೆ ಅಂದಿದ್ದೂ ಸುಳ್ಳು. ಬಾಗಿಲು ಬಡೀತಿರೋದು ಮಕ್ಕಳ ಅಪ್ಪ. ಅವರು ಬಡಿಯೋದನ್ನ ನಿಲ್ಲಿಸ್ತಾರೆ."

ಸಲಾಕೆ ಕೆಳಗಿಳಿಯಿತು.

"ಎಷ್ಟು ಜನ ಸತ್ರು?" ಎಂದು ಒಳಗಿಂದ ಪ್ರಶ್ನೆ ಬಂತು.

"ಯಾರೂ ಸತ್ತಿಲ್ಲ."

"ಒಬ್ಬರೂ?"

"ಒಬ್ಬರೂ ಇಲ್ಲ ಅಜ್ಜಿ."

ಅಡ್ಡವಿಟ್ಟದ್ದನ್ನೆಲ್ಲ ಅತ್ತ ಸರಿಸಲು ಅಜ್ಜಿಗೆ ಬಹಳ ಹೊತ್ತು ಹಿಡಿಯಿತು. ಬಾಗಿಲು ತೆರೆದಾಗ ಮಕ್ಕಳು ಅವಳ ಹಿಂದೆ ಕೈ ಕೈ ಹಿಡಿದು ನಿಂತಿದ್ದವು, ಬೂಟು ಹಾಕಿಕೊಂಡು ಓಡಲು ತಯಾರಾಗಿ. ಚಿಕ್ಕವಳು ಅಜ್ಜಿಯ ಮುಖ ನೋಡಿ, ಈಗ ಕೆಮ್ಮಬಹುದಾ ಎಂದು ಪಿಸುಗುಟ್ಟಿದಳು. ಕೆಮ್ಮು ಪುಟ್ಟಾ ಎಂದಳು ಅಜ್ಜಿ. ಅಷ್ಟು ಹೊತ್ತು ತಡೆದುಕೊಂಡಿದ್ದ ಕೆಮ್ಮೆಲ್ಲ ಬಂತು. ಅವಳ ಅಮ್ಮ ಬಾಚಿ ಎತ್ತಿಕೊಂಡಳು. ಅಪ್ಪ ಮಾತ್ರ ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯದೆ ಸಲಾಕೆ ಹಿಡಿದು ನಿಂತೇ ಇದ್ದ.

ಅಜ್ಜಿ ಹೊಸ್ತಿಲಲ್ಲೇ ಕುಸಿದು ಕೂತಳು. "ಸದ್ಯ. ಒಬ್ಬರೂ ಸತ್ತಿಲ್ಲ," ಎಂದು ನಾಲ್ಕಾರು ಸಲ ಹೇಳಿಕೊಂಡಳು.

ಮೈಕಣ್ಣ ಅವಳ ಎದುರು ನೆಲಕ್ಕೆ ಕೂತ. "ತಪ್ಪಾಯ್ತು ಅಜ್ಜಿ. ಅದು ನಿಮ್ಮೋರ ಮಾತು. ಇನ್ನು ನನ್ನ ಬಾಯಲ್ಲಿ ಬರಲ್ಲ."

ಅಜ್ಜಿಗೆ ರೇಗಿಹೋಯಿತು. "ನಮ್ಮದು ನಿಮ್ಮದು ಅನ್ನೋಕೆ ಅದೇನು ಬಂಗಾರದ ಸರವಾ, ನಾನು ಪೆಟ್ಟಿಗೇಲಿ ಇಟ್ಕೊಳ್ಳೋಕೆ? ಯಾರನ್ನಾದ್ರೂ ಹಾಗೆ ಕೊಲ್ತಿದ್ರೆ ಕೂಗು, ನೀನೇ ಮೊದಲು ಕೂಗು. ಆವತ್ತೂ ಒಬ್ಬ ನಮ್ಮ ಬೀದಿಗೆ ಬಂದು ಕೂಗಿದ್ದ. ಅವನು ನಮ್ಮೋನೂ ಅಲ್ಲ. ಇವನು ಯಾವಾಗಲೂ ಕಡ್ಡೀನ ಗುಡ್ಡ ಮಾಡೋನೇ ಅಂತ ನಮ್ಮಪ್ಪ ನಕ್ಕ, ನಕ್ಕು ಊಟಕ್ಕೆ ಕೂತ." ಅವಳು ಉಸಿರು ತೆಗೆದುಕೊಂಡಳು. "ಇವತ್ತು ನಾನು ನಗಲಿಲ್ಲ, ನಂಬಿದೆ. ಇನ್ನೊಂದ್ಸಲ ಯಾರಾದ್ರೂ ಕೂಗಿದ್ರೆ ನನಗೆ ನಿನ್ನ ನೆನಪಾಗುತ್ತೆ. ನಾನೂ ನಕ್ಕು ಊಟಕ್ಕೆ ಕೂತ್ಕೋತೀನಿ. ನನಗೀಗ ಅದೇ ಭಯ."

ಮೈಕಣ್ಣ ಎದ್ದು ವ್ಯಾನು ಹತ್ತಿದ. ಕಾರ್ಖಾನೆಗಾ ಎಂದು ಚಾಲಕ ಕೇಳಿದ.

"ಅಲ್ಲ. ಮಧ್ಯಾಹ್ನ ಹೋಗಿದ್ದ ಬೀದಿಗಳಿಗೆ. ಎಲ್ಲಾ ಬೀದಿಗೂ."

ಇಸ್ತ್ರಿಯಕ್ಕ ಅಮ್ಮನಿಗೆ ನೀರು ಕುಡಿಸಿ, ಅವಳನ್ನು ಪಕ್ಕದ ಮನೆಯಾಕೆಯ ಜೊತೆ ಕೂರಿಸಿ ಬಂದು ವ್ಯಾನಿನಲ್ಲಿ ಕೂತಳು. ಸ್ವಲ್ಪ ಅತ್ತ ಸರಿ ಎಂದಷ್ಟೇ ಹೇಳಿದಳು.

ಮೊದಲ ಬೀದಿಯಲ್ಲೇ ಮೇಲಿನ ಕಿಟಕಿಯಿಂದ ಒಬ್ಬ ಕೂಗಿದ: "ಏನೋ ಮೈಕಣ್ಣ, ಮಧ್ಯಾಹ್ನ ಎಲ್ಲರನ್ನೂ ಸಾಯಿಸಿದೆ, ಸಂಜೆ ಬದುಕಿಸ್ತಿದೀಯಾ?" ಸುತ್ತಲೂ ನಗು ಎದ್ದಿತು. ಮೈಕಣ್ಣ ನಗು ನಿಲ್ಲುವವರೆಗೆ ಕಾದು ಮೈಕನ್ನು ಬಾಯಿಗೆ ಹಿಡಿದ.

"ಯಾರೂ ಸತ್ತಿಲ್ಲ. ನಾನು ಹೇಳಿದ್ದು ಸುಳ್ಳು. ಇಸ್ತ್ರಿ ವಿಭಾಗದ ಮೂವತ್ತು ಹೆಂಗಸರ ಕೆಲಸ ಹೋಗ್ತಾ ಇದೆ. ನಾಳೆ ಬೆಳಿಗ್ಗೆ ಗೇಟಿಗೆ ಬನ್ನಿ. ಅಷ್ಟಕ್ಕೇ ಬನ್ನಿ."