ನಾರು ನಿಲ್ಲಿಸಿದ ಔಷಧ

ಅವಳು ಕೆಲಸ ಮಾಡುವ ಯಕೃತ್ತಿನ ಸಂಶೋಧನಾಲಯದ ಮುಖ್ಯಸ್ಥ ಅವಳ ಅಕ್ಕನ ಗಂಡ. ಸಭೆಯಲ್ಲಿ ಆತ ತನ್ನ ಹೊಸ ಔಷಧದ ಚಿತ್ರಗಳನ್ನು ಪರದೆಯ ಮೇಲೆ ತೋರಿಸುತ್ತ ಬೀಗುತ್ತಿದ್ದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಯಕೃತ್ತು ಪದೇ ಪದೇ ಪೆಟ್ಟು ತಿಂದಾಗ ಅದರೊಳಗಿನ ನಕ್ಷತ್ರಾಕಾರದ ಜೀವಕೋಶಗಳು ಕೆರಳಿ ನಾರು ಹೆಣೆಯುತ್ತವೆ. ಯಕೃತ್ತನ್ನು ಗಟ್ಟಿಯಾಗಿಸಿ ಕೆಡಿಸುವುದು ಆ ನಾರೇ. ತೀರಿಕೊಂಡವರ ಮನೆಯವರು ದಾನ ಕೊಟ್ಟ ಯಕೃತ್ತಿನಿಂದ ಆ ಕೋಶಗಳನ್ನು ಬಿಡಿಸಿ, ಪ್ರಯೋಗದ ತಟ್ಟೆಯಲ್ಲಿ ಮಕ್ಕಳಂತೆ ಸಾಕಿದವಳು ಅವಳು. ಭಾವನ ಔಷಧ ಬಿದ್ದ ಮೇಲೆ ಅವು ನಾರು ಹೆಣೆಯುವುದನ್ನೇ ನಿಲ್ಲಿಸಿದವಂತೆ.

"ಭಾವ, ಆ ಸೆಲ್‌ಗಳು ಬದುಕಿದ್ವಾ?" ಎಂದು ಕೇಳಿದಳು.

"ನಾರು ನಿಂತಿದೆಯಲ್ಲಮ್ಮ, ಇನ್ನೇನು ಬೇಕು?"

ಅವಳು ಎದ್ದುಹೋಗಿ ಔಷಧ ಹಾಕಿದ್ದ ಅದೇ ತಟ್ಟೆಯನ್ನು ತಂದು, ಪರದೆಗೆ ಜೋಡಿಸಿದ್ದ ಮೈಕ್ರೋಸ್ಕೋಪಿನ ಕೆಳಗಿಟ್ಟಳು. ತಳಕ್ಕೆ ಅಂಟಿಕೊಂಡಿರಬೇಕಾದ ಕೋಶಗಳು ಮುದುಡಿ ಉಂಡೆಯಾಗಿ ತೇಲುತ್ತಿದ್ದವು. ಒಂದರಲ್ಲೂ ಜೀವವಿರಲಿಲ್ಲ.

"ಊರಿಗೇ ಬೆಂಕಿ ಹಚ್ಚಿದ್ರೆ ಕಳ್ಳತನಾನೂ ನಿಲ್ಲತ್ತೆ ಭಾವ. ಅದಕ್ಕೆ ಯಾರಾದ್ರೂ ಪೊಲೀಸರಿಗೆ ಹಾರ ಹಾಕ್ತಾರಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಔಷಧದ ಮಾತು ಅಲ್ಲಿಗೇ ಮುಗಿಯಿತು. ಭಾವ ಕೆಮ್ಮಿ, "ಇದನ್ನ ಮನೇಲಿ ಮಾತಾಡ್ಬಹುದಿತ್ತು" ಎಂದು ಗೊಣಗಿದ.

"ಮನೇಲಿ ಅಕ್ಕ ಇರ್ತಾಳೆ" ಎಂದಳು ಅವಳು ತಟ್ಟೆ ಎತ್ತಿಕೊಳ್ಳುತ್ತ. "ಪಾಪ, ಅವಳಿಗೆ ನಿಮ್ಮ ಮೇಲೆ ಇನ್ನೂ ಗೌರವ ಇದೆ."