ತಂಗೀನ ನೋಡ್ಬೇಕು

ಆ ಮನೆಯ ಹಿತ್ತಿಲಲ್ಲಿ ಗಿಡವನ್ನು ಗಿಡದ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಕೊಟ್ಟವರ ಹೆಸರೇ ಗಿಡದ ಹೆಸರು. ಮನೆಯ ಯಜಮಾನರು ಮೂವತ್ತೊಂದು ವರ್ಷ ಒಂದೇ ದಾರಿಯಲ್ಲಿ ಬಸ್ಸು ಓಡಿಸಿದ ಡ್ರೈವರು. ದಿನಾ ಹತ್ತಿ ಇಳಿಯುವ ಜನ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿಯನ್ನೋ, ಪೊಟ್ಟಣ ಕಟ್ಟಿದ ಬೀಜವನ್ನೋ ಅವರ ಕೈಗೆ ಕೊಡುತ್ತಿದ್ದರು. ಸೀಟಿನ ಹಿಂದೆ ಇಟ್ಟುಕೊಂಡು ತಂದದ್ದೆಲ್ಲ ಹಿತ್ತಿಲು ಸೇರುತ್ತಿತ್ತು. ಹೀಗಾಗಿ ಗೋಡೆ ಪಕ್ಕದ ಮುಳ್ಳುಗುಲಾಬಿ ಕಂಡಕ್ಟರು, ನಲ್ಲಿ ಹತ್ತಿರದ ಪುದೀನ ನರ್ಸಮ್ಮ, ನೆಟ್ಟಗೆ ನಿಂತು ಯಾರನ್ನೂ ಹತ್ತಿರ ಸೇರಿಸದ ಕಳ್ಳಿ ಹೆಡ್ಮಾಷ್ಟ್ರು. “ನರ್ಸಮ್ಮನ ತಲೆ ಕತ್ತರಿಸಿದ್ಯೇನೇ? ಹೆಡ್ಮಾಷ್ಟ್ರಿಗೆ ಹುಳ ಬಿದ್ದಿದೆ, ಸಾಬೂನು ನೀರು ಹಾಕು!” ಎಂದು ಅವರು ಒಳಗಿನಿಂದ ಕೂಗಿದರೆ ಬೀದಿಯಲ್ಲಿ ಹೋಗುತ್ತಿದ್ದವರು ಹೌಹಾರಿ ನಿಂತುಬಿಡುತ್ತಿದ್ದರು.

ಮಲಗುವ ಕೋಣೆಯ ಕಿಟಕಿಗೆ ಹಬ್ಬಿದ ಜಾಜಿ ಬಳ್ಳಿ ಮಾತ್ರ ಬಸ್ಸಿನಲ್ಲಿ ಬಂದದ್ದಲ್ಲ. ಗಂಡ ಹೆಂಡತಿ ಈ ಮನೆಗೆ ಬಂದ ವರ್ಷ ಡ್ರೈವರ ತಂಗಿ ತನ್ನ ಕೈಯಾರೆ ನೆಟ್ಟದ್ದು. ಅವರ ಬಾಯಲ್ಲಿ ಅದು ತಂಗಿ. ಹೆಂಡತಿಯ ಬಾಯಲ್ಲಿ ನಾದಿನಿ.

“ತಂಗಿಗೆ ನೀರು ಹಾಕಿದ್ಯಾ?”

“ನಿಮ್ಮ ತಂಗಿಗೆ ಅಮೃತ ಹಾಕಿದ್ರೂ ಮುಖ ಊದಿಸ್ಕೊಂಡೇ ಇರ್ತಾಳೆ.”

ಹೆಂಡತಿಯನ್ನು ಓಣಿಯವರೆಲ್ಲ ಬೈಂಡಿಂಗಕ್ಕ ಅನ್ನುತ್ತಿದ್ದರು. ಪ್ರೆಸ್ಸಿನಲ್ಲಿ ಹಾಳೆ ಮಡಚಿ, ಹೊಲಿದು, ಅಂಟು ಹಚ್ಚಿ, ರಟ್ಟು ಕಟ್ಟಿ ಇಪ್ಪತ್ತಾರು ವರ್ಷ ದುಡಿದವಳು. ಹೆಬ್ಬೆರಳಿನ ತುದಿ ಇವತ್ತಿಗೂ ಮರದ ಹಾಗೆ ಗಟ್ಟಿ. ಮಾತೂ ಹಾಗೇ, ಅಳೆದು ಕತ್ತರಿಸಿದಂತೆ.

ಡ್ರೈವರು ಹೋಗಿ ಎರಡು ಬೇಸಿಗೆ ಕಳೆದಿತ್ತು. ಅವರಿದ್ದಾಗ ಬಿಸಿಲು ಬಲಿತ ಮೇಲೆ ಒಂದು ಭಾನುವಾರ ಸಂಜೆ ಹಿತ್ತಿಲಿಗೆ ಮೇಜು ಬರುತ್ತಿತ್ತು. ಗಿಡ ಕೊಟ್ಟವರನ್ನು ಕರೆಯುವುದು, ಅವರವರ ಗಿಡದ ಪಕ್ಕದಲ್ಲೇ ಕೂರಿಸುವುದು, ಹಣ್ಣು ಶರಬತ್ತು ಕೊಟ್ಟು ಕತ್ತಲಾಗುವವರೆಗೆ ಹರಟುವುದು. ಈ ವರ್ಷ ಬೈಂಡಿಂಗಕ್ಕ ಮತ್ತೆ ಮೇಜು ಹಾಕಿಸಿದಳು. ಕರೆದದ್ದು ಮೂರೇ ಜನರನ್ನು: ಗಂಡನ ಜೊತೆ ಕೆಲಸ ಮಾಡಿದ ಕಂಡಕ್ಟರು, ಎದುರುಮನೆಯ ನರ್ಸಮ್ಮ, ಊರಿನಿಂದ ನಾದಿನಿ. ನಾದಿನಿಗೆ ಒಂದು ಮಾತು ಹೇಳಬೇಕಿತ್ತು. ಎರಡು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು ಅದು. ಉಗುಳಿದರೆ, ಗಂಡನ ಕಡೆಯಿಂದ ತನಗೆ ಉಳಿದಿರುವ ಒಂದೇ ಒಂದು ಜೀವವೂ ಕೈಬಿಟ್ಟು ಹೋಗಬಹುದು.

ಆ ಮಾತು ಇಷ್ಟೇ.

ಡ್ರೈವರು ಹಾಸಿಗೆ ಹಿಡಿದ ನಾಲ್ಕನೇ ದಿನ, ಮಧ್ಯಾಹ್ನ ಮೂರು ಗಂಟೆ. ಇನ್ನು ಔಷಧಿಯಿಂದ ಆಗುವುದು ಏನೂ ಇಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು. ಡ್ರೈವರು ಕಣ್ಣು ಬಿಟ್ಟು, “ತಂಗೀನ ನೋಡ್ಬೇಕು” ಅಂದರು. ಬೈಂಡಿಂಗಕ್ಕ ಎದ್ದು ಹೋಗಿ ಕಿಟಕಿ ತೆಗೆದಳು.

ಅವರು ಕೇಳಿದ್ದು ಯಾವ ತಂಗಿಯನ್ನು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ತನ್ನನ್ನು ತಾನೇ ನಂಬಿಸಲು ಎರಡು ವರ್ಷ ಹೆಣಗಿ ಸೋತಿದ್ದಳು. ಡ್ರೈವರು ಹಾಸಿಗೆ ಹಿಡಿಯುವ ಒಂದು ವಾರದ ಹಿಂದಷ್ಟೇ ಇದೇ ಹಿತ್ತಿಲಲ್ಲಿ, ಇದೇ ಮೇಜಿನ ಮುಂದೆ, ನಾದಿನಿ ನಾಲ್ಕು ಜನರೆದುರು ಅಂದಿದ್ದಳು: “ನಮ್ಮ ಅತ್ತಿಗೆಗೆ ಅಂಟು ಗೊತ್ತು, ನಂಟು ಗೊತ್ತಿಲ್ಲ.” ಎಲ್ಲರೂ ನಕ್ಕರು. ಡ್ರೈವರೂ ನಕ್ಕರು. ಬೈಂಡಿಂಗಕ್ಕನೂ ನಕ್ಕಳು, ಒಳಗೆ ಹೋಗಿ ಅತ್ತಳು. ಆ ಉರಿ ಆರಿರಲಿಲ್ಲ. ಫೋನು ಅಡುಗೆಮನೆಯ ಗೂಡಿನಲ್ಲೇ ಇತ್ತು. ಬಂದರೆ ಮತ್ತೆ ಯಜಮಾನಿಕೆ ಮಾಡುತ್ತಾಳೆ, ಇವತ್ತೊಂದು ದಿನ ನೆಮ್ಮದಿಯಾಗಿರಲಿ, ನಾಳೆ ಬೆಳಿಗ್ಗೆ ಫೋನ್ ಮಾಡಿದರಾಯಿತು ಅಂದುಕೊಂಡಳು. ನಾಳೆಯ ಬೆಳಕು ಹರಿಯುವ ಮುಂಚೆಯೇ ಅವರು ಹೋಗಿಬಿಟ್ಟರು.

ಅವತ್ತು ನರ್ಸಮ್ಮ, “ಏನಾದ್ರೂ ಹೇಳಿದ್ರಾ ಅಕ್ಕಾ?” ಎಂದು ಕೇಳಿದಾಗ, “ತಂಗೀನ ನೋಡ್ಬೇಕು ಅಂದ್ರು. ಕಿಟಕಿ ತೆಗೆದೆ” ಎಂದಿದ್ದಳು. ಎರಡೂ ನಿಜವೇ. ಆದರೆ ಆ ಎರಡು ನಿಜವನ್ನು ಒಟ್ಟಿಗೆ ಸೇರಿಸಿ ಹೊಲಿದಾಗ ಒಂದು ಸುಳ್ಳು ಹುಟ್ಟಿತು. ಅದಕ್ಕೆ ಕೈಕಾಲು ಬಂತು. ಡ್ರೈವರು ತಂಗಿ ನೆಟ್ಟ ಬಳ್ಳಿ ನೋಡುತ್ತಾ ನೋಡುತ್ತಾ ಕಣ್ಣು ಮುಚ್ಚಿದರಂತೆ ಎಂದು ಓಣಿಯೆಲ್ಲ ಹೇಳಿತು. ತಡವಾಗಿ ಬಂದ ನಾದಿನಿ ಅತ್ತಿಗೆಯ ಹೆಗಲ ಮೇಲೆ ಬಿದ್ದು, “ನನ್ನ ಬಳ್ಳೀನಾದ್ರೂ ನೋಡ್ದ ಅಲ್ವಾ ಅತ್ತಿಗೆ” ಎಂದು ಅತ್ತಳು. ಬೈಂಡಿಂಗಕ್ಕ ಅವಳ ಬೆನ್ನು ಸವರಿದಳು. ಬಾಯಿ ಬಿಡಲಿಲ್ಲ.

ಈಗ ಬಿಸಿಲು ಗೋಡೆ ದಾಟಿ ಕೆಳಗಿಳಿದಿತ್ತು. ನೀರು ಚಿಮುಕಿಸಿದ ನೆಲದಿಂದ ಬಿಸಿ ಹಬೆ ಏಳುತ್ತಿತ್ತು. ಮೇಜಿನ ಮೇಲೆ ಹೆಚ್ಚಿಟ್ಟ ಕಲ್ಲಂಗಡಿ, ಪುದೀನ ಹಾಕಿದ ನಿಂಬೆ ಶರಬತ್ತು, ನೊಣ ಕೂರದಂತೆ ಮುಚ್ಚಿದ ಬಲೆಬಟ್ಟೆ. ನಾದಿನಿ ಹೊಲಿಗೆ ಕಲಿಸುವ ಟೀಚರು. ಕಣ್ಣಿಗೆ ಬಿದ್ದದ್ದನ್ನು ತಿದ್ದದೆ ಬಿಡುವವಳಲ್ಲ. ಬಂದು ಕೂತ ಕೂಡಲೇ ಬಲೆಬಟ್ಟೆಯ ಅಂಚು ನೋಡಿ, “ಇದನ್ನ ಮಡಚಿ ಹೊಲೀಬಾರದಾ ಅತ್ತಿಗೆ? ನೂಲು ಕಿತ್ಕೊಂಡು ಬರ್ತಿದೆ” ಅಂದಳು.

“ಬಂದ ಬಸ್ಸು ಇನ್ನೂ ಸ್ಟಾಪ್ ಬಿಟ್ಟಿಲ್ಲ, ಆಗಲೇ ಶುರು ಹಚ್ಕೊಂಡ್ಯಲ್ಲಮ್ಮ!” ಕಂಡಕ್ಟರು ಕಲ್ಲಂಗಡಿ ಬೀಜ ಉಗುಳಿ ನಕ್ಕರು. “ನನ್ನ ನೋಡು, ಎರಡು ವರ್ಷ ಆದ್ಮೇಲೆ ಬಂದಿದೀನಿ, ನನ್ನ ಗಿಡವೇ ನನಗೆ ಚುಚ್ತು. ಬಾಯಿ ಬಿಟ್ನಾ?”

“ನೀವು ಚಿಲ್ಲರೆ ಕೊಡದೆ ಎಷ್ಟು ಜನರಿಗೆ ಚುಚ್ಚಿದ್ರೋ, ಅದರ ಪಾಪ ಅದು” ಅಂದಳು ನರ್ಸಮ್ಮ.

ಬೈಂಡಿಂಗಕ್ಕ ಲೋಟಕ್ಕೆ ಶರಬತ್ತು ಸುರಿಯುತ್ತಿದ್ದಳು. ಈಗ ಹೇಳಲಾ, ಇನ್ನೊಂದು ಗಳಿಗೆ ಬಿಟ್ಟು ಹೇಳಲಾ ಎಂದು ಮನಸ್ಸು ತಕ್ಕಡಿಯ ಹಾಗೆ ತೂಗುತ್ತಿತ್ತು. ಹೇಳದಿದ್ದರೆ ಯಾರಿಗೆ ನಷ್ಟ? ಅವಳಿಗೆ ಆ ಬಳ್ಳಿಯ ಕತೆಯಿಂದ ಸಮಾಧಾನವಿದೆ. ಕಿತ್ತುಕೊಂಡು ನಾನೇನು ಮಾಡಲಿ? ಒಳಗಿನ ಹಾಳೆ ತಲೆಕೆಳಗಾಗಿದ್ದರೂ ರಟ್ಟು ಚೆನ್ನಾಗಿದೆ, ಬಿಡು. ಹೀಗೆ ಎರಡು ವರ್ಷ ಬಿಟ್ಟದ್ದಾಯಿತು.

ಅಷ್ಟರಲ್ಲಿ ನಾದಿನಿ ಚೀಲದಿಂದ ಒಂದು ಒದ್ದೆ ಬಟ್ಟೆ ತೆಗೆದಳು. ಮನೆಯಿಂದಲೇ ಒದ್ದೆ ಮಾಡಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ತಂದಿದ್ದಳು.

“ಅತ್ತಿಗೆ, ಬಳ್ಳಿಯಿಂದ ಒಂದು ಕಡ್ಡಿ ಕೊಡಿ. ಮನೆ ಮುಂದೆ ಹಾಕ್ತೀನಿ. ಅಣ್ಣನ ಕಣ್ಣು ಕೊನೇದಾಗಿ ಬಿದ್ದ ಬಳ್ಳಿ. ದಿನಾ ಬೆಳಿಗ್ಗೆ ನೋಡಿದ್ರೆ ಅವನನ್ನೇ ನೋಡಿದ ಹಾಗೆ ಅಂದ್ಕೋತೀನಿ.”

ಬೈಂಡಿಂಗಕ್ಕ ಒಳಗಿನಿಂದ ಕತ್ತರಿ ತಂದಳು. ಕಿಟಕಿಯ ಹತ್ತಿರ ಹೋಗಿ ಬಲಿತ ಕಡ್ಡಿಯೊಂದನ್ನು ಹಿಡಿದಳು. ಕೈ ಮುಂದೆ ಹೋಗಲಿಲ್ಲ. ಹಿಂತಿರುಗಿ ಬಂದು ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಕೂರಲಿಲ್ಲ.

“ಅವರು ಕೇಳಿದ್ದು ಬಳ್ಳೀನಲ್ಲ ಕಣಮ್ಮ. ನಿನ್ನನ್ನ.”

ಕಂಡಕ್ಟರ ಕೈಯ ಹಣ್ಣಿನಿಂದ ರಸ ಮೊಣಕೈವರೆಗೆ ಇಳಿಯಿತು.

“ತಂಗೀನ ನೋಡ್ಬೇಕು ಅಂದ್ರು. ನಿನ್ನನ್ನೇ ಅಂತ ನನಗೆ ಗೊತ್ತಾಯ್ತು. ಗೊತ್ತಾಗೇ ಕಿಟಕಿ ತೆಗೆದೆ. ನಿನಗೆ ಫೋನ್ ಮಾಡ್ಲಿಲ್ಲ. ನಾನು ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ.”

“ಅಕ್ಕಾ, ಆ ಹೊತ್ತಲ್ಲಿ ಯಾರಿಗೆ ತಾನೇ ಬುದ್ಧಿ ನೆಟ್ಟಗಿರುತ್ತೆ...” ಎಂದು ನರ್ಸಮ್ಮ ನಡುವೆ ಬಂದಳು.

“ನೆಟ್ಟಗೇ ಇತ್ತು. ನೀನು ನನ್ನ ಪರ ಮಾತಾಡ್ಬೇಡ. ಈ ಕತೆ ನಿನ್ನ ಕಿವಿಗೆ ಹಾಕಿದವಳೂ ನಾನೇ. ಅದಕ್ಕೇ ನಿನ್ನೆದುರೇ ಹೇಳ್ತಿದ್ದೀನಿ.”

ನಾದಿನಿ ಒದ್ದೆ ಬಟ್ಟೆಯನ್ನು ಮೇಜಿನ ಮೇಲೆ ಬಿಡಿಸಿ, ಮತ್ತೆ ನಾಲ್ಕು ಮಡಿಕೆ ಮಾಡಿದಳು.

“ಎಷ್ಟು ಗಂಟೆಗೆ ಕೇಳಿದ?”

“ಮೂರು.”

“ನಾಲ್ಕು ಗಂಟೆಗೆ ಒಂದು ಬಸ್ಸಿತ್ತು.”

“ಇತ್ತು.”

“ಏಳೂವರೆಗೆ ಇಲ್ಲಿರ್ತಿದ್ದೆ.”

“ಹೌದು.”

“ಆಗ ಮಾತಾಡ್ತಿದ್ನಾ?”

“ಎಂಟು ಗಂಟೆವರೆಗೂ ಒಂದೊಂದು ಮಾತು ಬರ್ತಿತ್ತು.”

ಕಂಡಕ್ಟರು ಕೈ ಒರೆಸಿಕೊಂಡು ಎದ್ದರು. ನಾದಿನಿಯ ಪಕ್ಕ ಒಂದು ಗಳಿಗೆ ನಿಂತು ಹೊರಟರು. ನರ್ಸಮ್ಮ ಅವರ ಹಿಂದೆಯೇ ಹೋಗಿ ಗೇಟಿನ ಚಿಲಕ ಸದ್ದಾಗದಂತೆ ಹಾಕಿದಳು.

“ಅಂಟು ನಂಟು ಅಂದಿದ್ದಕ್ಕಾ?” ನಾದಿನಿ ಕೇಳಿದಳು.

“ಅದಕ್ಕೇ. ಅಷ್ಟಕ್ಕೇ.”

“ನಾನು ಅದನ್ನ ಮಾರನೇ ದಿನವೇ ಮರೆತುಬಿಟ್ಟಿದ್ದೆ ಅತ್ತಿಗೆ.”

“ಗೊತ್ತು. ನಾನು ಮರೀಲಿಲ್ಲ.”

ನಾದಿನಿ ಎದ್ದಳು. ರಾತ್ರಿ ಉಳಿಯಲೆಂದು ಬಂದವಳು ಚೀಲದ ಬಾಯಿ ಬಿಗಿದಳು. “ಕಡ್ಡಿ ಬೇಡ. ಆರೂವರೆಗೆ ಬಸ್ಸಿದೆ.” ಬೈಂಡಿಂಗಕ್ಕ ಉಳಿ ಎನ್ನಲಿಲ್ಲ. ಕ್ಷಮಿಸು ಎಂಬ ಮಾತು ನಾಲಿಗೆ ತುದಿಗೆ ಬಂದರೂ ನುಂಗಿಕೊಂಡಳು. ಕೇಳಿದರೆ ಅವಳು ಆಯ್ತು ಎನ್ನಬೇಕಾಗುತ್ತದೆ. ಇವತ್ತೇ ಆ ಹೊರೆಯನ್ನೂ ಅವಳ ತಲೆಗೆ ಕಟ್ಟುವುದು ಬೇಡ ಅನ್ನಿಸಿತು. ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಟಳು. ನಾದಿನಿ ಬೇಡ ಎನ್ನಲಿಲ್ಲ.

ಓಣಿಯುದ್ದಕ್ಕೂ ಮನೆಗಳ ಮುಂದೆ ಜನ ಕುರ್ಚಿ ಹಾಕಿಕೊಂಡು ಗಾಳಿಗೆ ಕೂತಿದ್ದರು. ಯಾರೋ, “ಏನ್ ಟೀಚರ್, ಬಂದ ದಿನವೇ ಹೊರಟ್ರಾ?” ಎಂದು ಕೂಗಿದರು. ನಾದಿನಿ ತಲೆಯಾಡಿಸಿದಳು. ಸ್ಟಾಪಿನ ಕಲ್ಲುಬೆಂಚು ಇನ್ನೂ ಸುಡುತ್ತಿತ್ತು. ಇಬ್ಬರೂ ನಿಂತೇ ಇದ್ದರು.

“ಕಿಟಕಿ ತೆಗೆದ ಮೇಲೆ,” ನಾದಿನಿ ರಸ್ತೆಯ ಕಡೆಯೇ ಮುಖ ಮಾಡಿಕೊಂಡು ಕೇಳಿದಳು, “ಬಳ್ಳೀನಾದ್ರೂ ನೋಡಿದ್ನಾ?”

ಹೌದು ಎಂದರೆ ಮುಗಿಯುತ್ತಿತ್ತು. ಒಂದೇ ಮಾತು. ಇಷ್ಟೆಲ್ಲ ಕಿತ್ತುಕೊಂಡ ಮೇಲೆ ಅದೊಂದನ್ನಾದರೂ ಬಿಟ್ಟುಕೊಡಬಹುದಿತ್ತು.

“ಇಲ್ಲ ಕಣಮ್ಮ. ಆ ಕಡೆ ತಿರುಗಲೇ ಇಲ್ಲ. ಬಾಗಿಲ ಕಡೆ ನೋಡ್ತಿದ್ರು.”

“ಬಾಗಿಲ ಕಡೆ.”

“ಹೂಂ. ಕೊನೇವರೆಗೂ.”

ನಾದಿನಿ ಸುಡುವ ಬೆಂಚಿನ ಮೇಲೆ ಕೂತೇಬಿಟ್ಟಳು. ಚೀಲವನ್ನು ಎದೆಗೆ ಅವುಚಿಕೊಂಡು, “ನನ್ನನ್ನೇ ಕಾಯ್ತಿದ್ದ. ಗಿಡ ಗಿಡ ಅಂತ ಸಾಯ್ತಿದ್ದವನು, ಗಿಡ ಬಿಟ್ಟು ನನ್ನನ್ನ ಕಾಯ್ತಿದ್ದ” ಎಂದಳು. ಇನ್ನೊಂದು ಸಲ ಅದನ್ನೇ ಮೆಲ್ಲಗೆ ಹೇಳಿಕೊಂಡಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಈ ಸಲ ಬೆನ್ನು ಸವರಲು ಬೈಂಡಿಂಗಕ್ಕನ ಕೈ ಏಳಲಿಲ್ಲ. ಪಕ್ಕದಲ್ಲಿ ನಿಂತಿದ್ದಳು, ಅಷ್ಟೇ.

ಬಸ್ಸು ಬಂತು. ನಾದಿನಿ ಮೂಗು ಒರೆಸಿಕೊಂಡು ಎದ್ದಳು. ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದಳು. ಹೊರಡುವಾಗ ಯಾರೂ ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತಾರೆ. ಮೂವತ್ತು ವರ್ಷದಲ್ಲಿ ಎಷ್ಟೇ ಜಗಳವಾಡಿ ಎದ್ದು ಹೋಗುವಾಗಲೂ ನಾದಿನಿ ಬರ್ತೀನಿ ಎಂದೇ ಹೋದವಳು.

“ಹೋಗ್ತೀನಿ, ಅತ್ತಿಗೆ” ಅಂದಳು.

ಬಾಗಿಲು ಮುಚ್ಚಿತು. ಬೈಂಡಿಂಗಕ್ಕ ಆ ಎರಡೂ ಮಾತನ್ನು ಸರಿಯಾಗಿ ಕೇಳಿಸಿಕೊಂಡಳು, ಹೋಗ್ತೀನಿ ಅಂದದ್ದನ್ನೂ, ಅತ್ತಿಗೆ ಅಂದದ್ದನ್ನೂ. ಬಸ್ಸು ತಿರುವು ದಾಟಿ ಸದ್ದು ಅಡಗುವವರೆಗೂ ಅಲ್ಲೇ ನಿಂತಿದ್ದಳು.