ಮೇಲಿನ ಮನೆ, ಕೆಳಗಿನ ಮನೆ

ನಮ್ಮ ಮಾವನಿಗೆ ಎಡ-ಬಲ ಅಂದರೆ ಏನೂ ತಿಳಿಯುವುದಿಲ್ಲ. ಊಟಕ್ಕೆ ಕೂತಾಗ ಪಕ್ಕದವರು ಒಂಚೂರು ಜಾಗ ಬಿಡಬೇಕಾದರೂ ‘ಸ್ವಲ್ಪ ಕೆಳಕ್ಕೆ ಸರಿಯಮ್ಮ’ ಎನ್ನುತ್ತಾರೆ. ಕಣಿವೆಯಲ್ಲಿ ಹುಟ್ಟಿದವರೆಲ್ಲ ಹೀಗೇ. ಹೊಳೆ ಬರುವ ಕಡೆ ಮೇಲೆ, ಹೊಳೆ ಹೋಗುವ ಕಡೆ ಕೆಳಗೆ, ಅಲ್ಲಿಗೆ ಅವರ ಲೋಕ ಮುಗಿಯಿತು. ಮದುವೆಯಾಗಿ ಬಂದ ಹೊಸತರಲ್ಲಿ ‘ಉಪ್ಪಿನ ಡಬ್ಬಿ ಮೇಲಿದೆ’ ಎಂದು ಹೇಳಿದ್ದಕ್ಕೆ ನಾನು ಸ್ಟೂಲು ಹತ್ತಿ ಅಟ್ಟವೆಲ್ಲ ತಡಕಾಡಿದ್ದೆ. ಡಬ್ಬಿ ನೆಲದ ಮೇಲೆ, ಒಲೆಯ ಪಕ್ಕದಲ್ಲೇ ಇತ್ತು.

ಆಗ ನಗು ಬಂದಿತ್ತು. ಈಗ ಆ ಮಾತಿನಿಂದಲೇ ನನ್ನ ಮನೆ ಹೋಗಿದೆ.

ಅಣೆಕಟ್ಟು ಬರುತ್ತದೆ, ಎಲ್ಲರೂ ಜಾಗ ಖಾಲಿ ಮಾಡಬೇಕು ಎಂದಾದಾಗ ಸರ್ವೆಯವನು ಬಂದ. ಕಾಲು ನೋವೆಂದು ಸೇತುವೆ ಪಕ್ಕದ ಚಹಾದಂಗಡಿಯ ಬೆಂಚು ಬಿಟ್ಟು ಏಳಲೇ ಇಲ್ಲ. ಮಾವನನ್ನು ಅಲ್ಲಿಗೇ ಕರೆಸಿ, ನಿಮ್ಮ ಮನೆ ಹೇಗಿದೆ ಎಂದು ಕೇಳಿದ. ಮಾವ ಹೆಮ್ಮೆಯಿಂದ, ‘ಮೇಲಿನ ಮನೆ ದೊಡ್ಡ ಮಗಂದು, ಕೆಳಗಿನ ಮನೆ ಚಿಕ್ಕ ಮಗಂದು’ ಎಂದರು. ಪುಣ್ಯಾತ್ಮ ಒಂದು ಮಹಡಿ ಮನೆ ಎಂದು ಬರೆದುಕೊಂಡು ಚಹಾ ಮುಗಿಸಿ ಹೋದ. ಕೂಗಿದರೂ ಕೇಳಿಸದಷ್ಟು ದೂರವಿದ್ದ ಎರಡು ಮನೆಗಳು ಒಂದರ ತಲೆಯ ಮೇಲೊಂದು ಕೂತುಬಿಟ್ಟವು. ಹೊಸ ಬಡಾವಣೆಯಲ್ಲಿ ನಮ್ಮೆಲ್ಲರಿಗೂ ಸೇರಿ ಸಿಕ್ಕಿದ್ದು ಒಂದೇ ಮನೆ, ಒಂದೇ ಅಡುಗೆಕೋಣೆ.

ಆ ದೂರ ಸುಮ್ಮನೆ ಬಂದದ್ದಲ್ಲ. ಕೆಳಗಿನ ಮನೆಯ ನಾನೂ ಮೇಲಿನ ಮನೆಯ ನನ್ನ ಓರಗಿತ್ತಿಯೂ ಕಿತ್ತಾಡಿ, ಬಾಯಿಗೆ ಬಂದದ್ದೆಲ್ಲ ಅಂದು ಅನ್ನಿಸಿಕೊಂಡು, ಊರವರನ್ನೆಲ್ಲ ನ್ಯಾಯಕ್ಕೆ ಕೂರಿಸಿ ಸಂಪಾದಿಸಿದ ದೂರ ಅದು. ಈಗ ಒಂದೇ ಕಟ್ಟೆಯ ಮೇಲೆ ಎರಡು ಸ್ಟವ್. ನಾನು ತೊಳೆದಿಟ್ಟ ಪಾತ್ರೆಯನ್ನು ಅವಳು ಮತ್ತೆ ತೊಳೆಯುತ್ತಾಳೆ, ಅದೂ ನನ್ನ ಕಣ್ಣೆದುರೇ. ನಾನು ಕಿಟಕಿ ತೆರೆದರೆ ಅವಳಿಗೆ ಶೀತ, ಅವಳು ಮುಚ್ಚಿದರೆ ನನಗೆ ಉಸಿರುಕಟ್ಟು. ದೇವರೇ ಪ್ರತ್ಯಕ್ಷನಾಗಿ ಏನು ಬೇಕೆಂದು ಕೇಳಿದರೂ ನನ್ನದೇ ಒಂದು ಅಡುಗೆಕೋಣೆ ಕೊಡಪ್ಪ ಎಂದೇ ಕೇಳುತ್ತೇನೆ.

ಕಚೇರಿಗೆ ಅಲೆದೂ ಅಲೆದೂ ಚಪ್ಪಲಿ ಸವೆದ ಮೇಲೆ, ಮತ್ತೆ ವಿಚಾರಿಸಲು ಸಾಹೇಬರೊಬ್ಬರು ಮನೆಗೇ ಬರುತ್ತಾರೆಂದು ತಿಳಿಯಿತು. ನನ್ನ ಗಂಡ ಇಂಥ ಹೊತ್ತಿನಲ್ಲಿ ಕೆಲಸದ ನೆಪ ಹೇಳಿ ಮಾಯವಾಗುವ ಗಿರಾಕಿ. ಮಾವನಿಗೆ ನಾನೇ ಪಾಠ ಮಾಡಿದೆ.

‘ಮಾವ, ಮೇಲೆ ಕೆಳಗೆ ಅನ್ನೋ ಮಾತೇ ಬಾಯಲ್ಲಿ ಬರಬಾರ್ದು. ದೂರ ದೂರ ಎರಡು ಮನೆ ಅನ್ನಿ, ಸಾಕು.’

‘ಆಯ್ತಮ್ಮ. ಅಷ್ಟೂ ಗೊತ್ತಾಗಲ್ವಾ ನಂಗೆ?’

ಸಾಹೇಬರು ಬಂದರು. ಸಾಧು ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದು ಕೂತರು. ಮಾವ ಗಿಳಿಪಾಠ ಒಪ್ಪಿಸಿದರು: ‘ದೂರ ದೂರ ಎರಡು ಮನೆ ಸಾರ್.’ ನನಗೆ ಹೋದ ಜೀವ ಬಂದಂತಾಯಿತು. ಸಾಹೇಬರು ಪೆನ್ನು ತೆಗೆದು, ‘ದೊಡ್ಡ ಮಗ ಎಲ್ಲಿ, ಕಾಣ್ತಾ ಇಲ್ಲ?’ ಎಂದರು.

‘ಅವನು ಮೇಲೆ ಹೋದ ಸಾರ್.’

ಸಾಹೇಬರ ಕೈ ನಿಂತಿತು. ‘ಅಯ್ಯೋ ಪಾಪ. ಯಾವಾಗ?’

‘ಬೆಳಿಗ್ಗೆ.’

‘ಇವತ್ತು ಬೆಳಿಗ್ಗೆನಾ?’ ಅವರು ಎದ್ದೇ ನಿಂತರು.

‘ಏನ್ಮಾಡೋದು ಸಾರ್, ಬೇಡ ಅಂದ್ರೂ ಕೇಳಲಿಲ್ಲ. ಸಂಜೆ ಬರ್ತಾನೆ ಬಿಡಿ.’

ನಾನು ಹಣೆ ಹಣೆ ಚಚ್ಚಿಕೊಂಡೆ. ಭಾವ ಸತ್ತಿಲ್ಲ, ಹಳೇ ಮನೆಯ ಹಂಚು ಇಳಿಸಲು ಹೋಗಿದ್ದಾರೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಗಂಟಲು ಒಣಗಿತು. ಅಷ್ಟರಲ್ಲಿ ಓರಗಿತ್ತಿ ಒಳಗಿನಿಂದ ಬಂದು, ‘ಮನೆಗೋಸ್ಕರ ನನ್ನ ಗಂಡನ್ನೇ ಸಾಯಿಸ್ತಿದೀಯೇನೇ?’ ಎಂದು ನನ್ನ ಮೇಲೆಯೇ ಹರಿಹಾಯ್ದಳು.

ಸಾಹೇಬರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ‘ನಿಮ್ಮ ಮಾತಿನ ಸಹವಾಸವೇ ಬೇಡ. ಎರಡು ಮನೆ ಕಣ್ಣಾರೆ ತೋರಿಸಿಬಿಡಿ, ಇವತ್ತೇ ಬರೆದುಕೊಡ್ತೀನಿ.’

ಮಾವನೂ ನಾನೂ ಅವರ ಜೀಪು ಹತ್ತಿದೆವು. ಗುಡ್ಡದ ತಿರುವಿನಲ್ಲಿ ಇಳಿದು ನೋಡಿದರೆ ಕಣಿವೆಯೇ ಇಲ್ಲ, ಕಣ್ಣು ಹಾಯಿಸಿದಷ್ಟೂ ಕೆಂಪು ನೀರು. ಹೋದ ಸಲ ಬಂದಾಗ ನೀರು ಇನ್ನೂ ಹೊಲದ ಅಂಚಿನಲ್ಲಿತ್ತು. ದೂರದ ದಿಬ್ಬದ ಮೇಲೆ ಭಾವನ ಮನೆ ಮಾತ್ರ ನಿಂತಿತ್ತು. ಅರ್ಧ ಬೋಳಾದ ಮಾಡಿನ ಮೇಲೆ ಭಾವ ಕೂತು ಹಂಚು ಕೀಳುತ್ತಿದ್ದರು.

‘ಅವರೇನಾ ಮೇಲೆ ಹೋದೋರು?’ ಸಾಹೇಬರಿಗೆ ನಗು ಬಂತು. ‘ಸರಿ, ಅದೊಂದು ಮನೆ. ನಿಮ್ಮದು?’

ನಾನು ಹುಡುಕಿದೆ. ಗುರುತಿಗೆ ಅಂಗಳದ ಮರವೂ ಇರಲಿಲ್ಲ, ಅದನ್ನು ಇವರ ಇಲಾಖೆಯವರೇ ಕಡಿಸಿದ್ದರು. ಮಾವ ನನಗಿಂತ ಮೊದಲು ಬೆರಳು ಚಾಚಿದರು.

‘ಕೆಳಗಿದೆ ಸಾರ್.’

ಸಾಹೇಬರು ಬಗ್ಗಿ ನೀರನ್ನು ನೋಡಿದರು. ಈ ಸಲ ಮಾವನ ಮಾತಿನಲ್ಲಿ ತಿದ್ದಲು ಏನೂ ಇರಲಿಲ್ಲ.

‘ನಂಬ್ತೀನಮ್ಮ,’ ಎಂದರು ಸಾಹೇಬರು. ‘ಆದ್ರೆ ನಾನು ಕಂಡಿದ್ದನ್ನೇ ಬರೀಬೇಕು. ಕಂಡಿದ್ದು ಒಂದೇ ಮನೆ.’

‘ಮುಳುಗಿಸೋರೂ ನೀವೇ, ತೋರಿಸು ಅನ್ನೋರೂ ನೀವೇನಾ? ನಿಮಗೇನು ನಾಚಿಕೆ ಮಾನ ಇಲ್ವಾ?’ ಎಂದು ಕಿರುಚಿದೆ. ಅವರು ಪೆನ್ನು ಜೇಬಿಗಿಟ್ಟು ಜೀಪು ಹತ್ತಿದರು.

ಮನೆ ಮುಟ್ಟಿದಾಗ ಓರಗಿತ್ತಿ ಸೌಟು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. ನಾನು ತೊಲಗಲಿ ಎಂದು ನನಗಿಂತ ಹೆಚ್ಚು ಹರಕೆ ಹೊತ್ತವಳು ಅವಳು.

‘ಏನಂದ್ರು?’

‘ಆಗಲ್ಲ ಅಂದ್ರು.’

‘ಹಾಗಾದ್ರೆ ಸಾಯೋವರೆಗೂ ನಿನ್ನ ಮುಖಾನೇ ನೋಡ್ಬೇಕಾ ನಾನು?’

‘ನೋಡ್ಬೇಕು ಅಕ್ಕ.’

ಅವಳು ಹೊಸ್ತಿಲ ಮೇಲೆ ದೊಪ್ಪೆಂದು ಕೂತಳು. ಸೌಟು ಪಕ್ಕಕ್ಕಿಟ್ಟು ಕೇಳಿದಳು: ‘ನಿನ್ನ ಮನೆ ಪೂರ್ತಿ ಹೋಯ್ತಾ?’

‘ಪೂರ್ತಿ.’

‘ಹಿತ್ತಲು?’

‘ಎಲ್ಲಾ ಹೋಯ್ತು.’

ಅವಳು ನೋಡನೋಡುತ್ತಿದ್ದಂತೆ ಗೊಳೋ ಎಂದು ಅಳತೊಡಗಿದಳು. ನನ್ನ ಮನೆಗೆ ಅವಳು ಅಳುವುದು! ನನಗೆ ಮೈಯೆಲ್ಲ ಉರಿಯಿತು. ನನಗಿಂತ ಮೊದಲು ಅಳುವುದಕ್ಕೆ ಇವಳು ಯಾರು ಎಂದು ಹಲ್ಲು ಕಡಿಯುತ್ತಲೇ ಅವಳ ಪಕ್ಕದಲ್ಲಿ ಕೂತೆ, ಕೂತು ಅವಳ ಭುಜ ಹಿಡಿದುಕೊಂಡು ನಾನೂ ಅತ್ತುಬಿಟ್ಟೆ.